ಒಂದು ವಾರ ಬರೀ ‘ಗೆಟ್’: ಕಾಸರಗೋಡಿನ ಒಂದು ಇಂಗ್ಲಿಷ್ ಕ್ಲಾಸಿನ ಬಗ್ಗೆ

ಬದಿಯಡ್ಕದಿಂದ ಬಸ್ಸು ಹಿಡಿದು, ವಾರಕ್ಕೆ ಮೂರು ಸಂಜೆ ಕಾಸರಗೋಡಿಗೆ ಹೋಗಿ ಸ್ಪೋಕನ್ ಇಂಗ್ಲಿಷ್ ಕಲಿತೆ. ಎರಡು ತಿಂಗಳಿಗೆ 3,000 ರೂಪಾಯಿ. ಕ್ಲಾಸಿನ ಹೆಸರು ಹೇಳುವುದಿಲ್ಲ, ಬೈಯುವುದೂ ಸ್ವಲ್ಪ ಇದೆ.

ಮೊದಲ ತಿಂಗಳ ಮಾಷ್ಟ್ರು ‘ಗೆಟ್’ ಅನ್ನುವ ಒಂದೇ ಪದಕ್ಕೆ ಪೂರ್ತಿ ಒಂದು ವಾರ ಕೊಟ್ಟರು. ಅರ್ಥ ಬಾಯಿಪಾಠ ಮಾಡ್ಬೇಡಿ, ನಿಮ್ಮ ಮನೆಮಾತಿನಲ್ಲಿ ಆ ಜಾಗಕ್ಕೆ ಏನು ಬರುತ್ತದೆ ನೋಡಿ ಅಂದರು. ದುಡ್ಡು ಸಿಗುತ್ತದೆ, ಜ್ವರ ಬರುತ್ತದೆ, ಬಟ್ಟೆ ಒದ್ದೆಯಾಗುತ್ತದೆ. ಇಂಗ್ಲಿಷಿನಲ್ಲಿ ಮೂರಕ್ಕೂ ಗೆಟ್ಟೇ ಸಾಕು. ಸಂಬಳ ಸಿಕ್ಕಿತು ಅನ್ನುವುದಕ್ಕೆ ನನ್ನ ಎಡಗಡೆ ಕೂತ ಹುಡುಗ ಮಲಯಾಳದಲ್ಲಿ ‘ಎನಿಕ್ಕು ಕಿಟ್ಟಿ’ ಅಂದ, ಬಲಗಡೆಯ ಅಕ್ಕ ತುಳುವಿನಲ್ಲಿ ‘ಎಂಕ್ ತಿಕ್ಕ್‌ಂಡ್’ ಅಂದರು, ನಾನು ‘ನನಗೆ ಸಿಕ್ಕಿತು’ ಅಂದೆ. ಮೂರು ಭಾಷೆಯಲ್ಲೂ ‘ನನಗೆ’ಯೇ, ಇಂಗ್ಲಿಷಿನಲ್ಲಿ ಮಾತ್ರ ‘ನಾನು’! ಇಷ್ಟು ವರ್ಷ ನಾನು ‘ಟು ಮಿ ಗಾಟ್ ಫೀವರ್’ ಅಂತ ಯಾಕೆ ಬರೆಯುತ್ತಿದ್ದೆ ಅನ್ನುವುದು ಆವತ್ತು ತಲೆಗೆ ಹೋಯಿತು.

ಬಸ್ಸಿನಿಂದ ಇಳಿಯುವುದಕ್ಕೆ ನಾವು ‘ಗೆಟ್ ಡೌನ್’ ಅನ್ನುತ್ತೇವೆ, ಇಂಗ್ಲೆಂಡಿನವರು ‘ಗೆಟ್ ಆಫ್’ ಅನ್ನುತ್ತಾರೆ. ಕಾರಾದರೆ ‘ಗೆಟ್ ಔಟ್’. ನಮ್ಮಲ್ಲಿ ಹಾಗೆಂದರೆ ಜಗಳವೇ, ಅಲ್ವಾ?

ಇನ್ನು ಬೈಗುಳ. ಕ್ಲಾಸಿನವರು ಕೊಡುವ ಶೀಟಿನಲ್ಲಿ ಗೆಟ್ ಲ್ಯಾಟಿನ್‌ನಿಂದ ಬಂದದ್ದು ಅಂತ ಅಚ್ಚಾಗಿದೆ. ಅಲ್ಲ. ಅದು 1200ರ ಆಸುಪಾಸಿನಲ್ಲಿ ಇಂಗ್ಲಿಷಿಗೆ ಬಂದ ವೈಕಿಂಗರ (ಹಳೇ ಕಾಲದ ಸ್ಕ್ಯಾಂಡಿನೇವಿಯಾದವರ) ಮಾತು, ಹಳೆ ನಾರ್ಸ್ ಭಾಷೆಯ ‘ಗೆಟಾ’. ಇಂಗ್ಲಿಷಿನದೇ ಆದ ಹಳೇ ರೂಪ ‘ಫರ್ಗೆಟ್’ನಂಥ ಪದಗಳ ಬಾಲದಲ್ಲಿ ಉಳಿದಿದೆ. ಗೆಟ್‌ನ ‘ಗಾಟನ್’ ಅನ್ನುವ ರೂಪ ತಪ್ಪು ಅಂತಲೂ ಬರೆದಿದ್ದಾರೆ, ಅಮೆರಿಕದಲ್ಲಿ ದಿನಾ ಆಡುವ ಮಾತು ಅದು.

ಅದಕ್ಕಿಂತ ಜಾಸ್ತಿ ಬೇಜಾರಾದದ್ದು ಬೇರೆ. ಶೀಟಿನಲ್ಲಿ ಅರ್ಥವೆಲ್ಲ ಮಲಯಾಳದಲ್ಲಿ, ಕನ್ನಡದ್ದು ಒಂದು ಗೆರೆಯೂ ಇಲ್ಲ. ಇಲ್ಲಿ ಕನ್ನಡ ಶಾಲೆಯಲ್ಲಿ ಓದಿದವರಿಗೆ ಇದು ಹೊಸತಲ್ಲ, ಆದರೂ ದುಡ್ಡು ಕೊಟ್ಟ ಮೇಲೆ ಹೊಟ್ಟೆ ಉರಿಯುತ್ತದೆ. ಆಫೀಸಿನಲ್ಲಿ ಕೇಳಿದರೆ ‘ಮುಂದಿನ ಬ್ಯಾಚಿಗೆ ನೋಡುವಾ’ ಅಂದರು.

ಸೇರುವುದಾದರೆ ಪಾಠ ಯಾರದು ಅಂತ ಮೊದಲೇ ಕೇಳಿಕೊಳ್ಳಿ. ಎರಡನೇ ತಿಂಗಳು ಬಂದವರು ಆ ಶೀಟನ್ನೇ ಗಟ್ಟಿಯಾಗಿ ಓದಿದರು, ಅಷ್ಟೇ.