ಮುದ್ದೆ ಹಗಲಿಗೋ ರಾತ್ರಿಗೋ: ಮೂರು ಊಟದ ಕ್ರಮ ಪಾಲಿಸಿ ನೋಡಿದ ಮೇಲೆ

ಮೂರು ತಿಂಗಳಿಗೆಂದು 3,600 ರೂಪಾಯಿ ಕಟ್ಟಿ ಒಂದು ಮೊಬೈಲ್ ಆ್ಯಪ್‌ನ ಊಟದ ಯೋಜನೆ ಕೊಂಡಿದ್ದೆ. ಐದನೆಯ ವಾರಕ್ಕೇ ಬಿಟ್ಟೆ. ಬೆಳಗ್ಗೆ ಬೆಣ್ಣೆ, ಮೊಟ್ಟೆ, ಪನೀರು. ಅನ್ನ ಮುದ್ದೆಗಳೆಲ್ಲ ರಾತ್ರಿಗೆ. ಅದರ ಕ್ರಮ ಇಷ್ಟೇ. ನನ್ನ ಮೈಗೆ ಒಗ್ಗಿದ್ದು ಇದಕ್ಕೆ ತದ್ವಿರುದ್ಧವಾದದ್ದು: ಬೆಳಗ್ಗೆ ಮತ್ತು ಮಧ್ಯಾಹ್ನ ಹೊಟ್ಟೆ ತುಂಬ ರೊಟ್ಟಿ ಮುದ್ದೆ, ಸಂಜೆ ಏಳರೊಳಗೆ ಹಗುರವಾದ ಒಂದಿಷ್ಟು. ಇದಕ್ಕೆ ಯಾರಿಗೂ ಕಾಸು ಕೊಡಬೇಕಿಲ್ಲ. ನನ್ನ ಹಾಗೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತವರು ಹಣ ಕಳೆದುಕೊಳ್ಳುವ ಮೊದಲು ಓದಲಿ ಎಂದು ಬರೆಯುತ್ತಿದ್ದೇನೆ.

ಹಾಸನದ ಬಿ.ಎಂ. ರಸ್ತೆಯ ಪಕ್ಕದ ಗಲ್ಲಿಯಲ್ಲಿ ನನ್ನದೊಂದು ಚಿಕ್ಕ ಹೊಲಿಗೆ ಅಂಗಡಿ ಇದೆ. ವಯಸ್ಸು 44, ತೂಕ 58 ಕಿಲೋ. ಬೆಳಗ್ಗೆ ಒಂಬತ್ತೂವರೆಯಿಂದ ರಾತ್ರಿ ಎಂಟರವರೆಗೆ ಯಂತ್ರದ ಮುಂದೆ ಕೂತೇ ಇರುತ್ತೇನೆ. ಹೋದ ವರ್ಷ ರಕ್ತ ಪರೀಕ್ಷೆ ಮಾಡಿಸಿದಾಗ ಖಾಲಿ ಹೊಟ್ಟೆಯ ಸಕ್ಕರೆ 112, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.1 ಬಂತು. ಈ ಅಂಕಿ 5.7ರಿಂದ 6.4ರವರೆಗೆ ಇದ್ದರೆ ಗಡಿಯಲ್ಲಿದ್ದೀರಿ ಎಂದರ್ಥ, 6.5 ಮುಟ್ಟಿದರೆ ಕಾಯಿಲೆ. ನನ್ನ ತಾಯಿ ಕಾಲಿನ ಹುಣ್ಣು ಮಾಯದೆ ಎರಡು ವರ್ಷ ನರಳಿದ್ದನ್ನು ನಾನು ಹತ್ತಿರದಿಂದ ಕಂಡವಳು. ಆ ಹುಣ್ಣಿಗೆ ಪಟ್ಟಿ ಕಟ್ಟಿದ ಕೈ ನನ್ನದು. ಹಾಗಾಗಿ 6.1 ಎಂಬ ಅಂಕಿ ನನಗೆ ಚಿಕ್ಕದಾಗಿ ಕಾಣಲಿಲ್ಲ.

ಅಳೆದ ರೀತಿ ಹೀಗಿತ್ತು. ಮೂರು ಕ್ರಮಗಳಲ್ಲೂ ಒಂದೇ ಅಳತೆಯ ಮುದ್ದೆ: ತಕ್ಕಡಿಯಲ್ಲಿ ತೂಗಿದ 60 ಗ್ರಾಂ ಹಿಟ್ಟು, ಅಂದರೆ ಸುಮಾರು 40 ಗ್ರಾಂ ಪಿಷ್ಟ. ಜೊತೆಗೆ ಸೊಪ್ಪಿನ ಸಾರು. ಊಟ ಶುರು ಮಾಡಿದ ಎರಡು ಗಂಟೆಗೆ ಬೆರಳು ಚುಚ್ಚಿ ಗ್ಲುಕೋಮೀಟರ್‌ನಲ್ಲಿ ನೋಡುವುದು. ತೋಳಿಗೆ ಅಂಟಿಸಿಕೊಂಡರೆ ಎರಡು ವಾರ ಬಿಡದೆ ಅಳೆಯುವ ಸೆನ್ಸರ್‌ಗಳು ಇವೆ. ನನ್ನ ಕೈಗೆ ಎಟುಕುವ ಬೆಲೆಯಲ್ಲ. ಪರೀಕ್ಷಾ ಪಟ್ಟಿಗಳೇ ದುಬಾರಿ, ಒಂದೊಂದಕ್ಕೂ ಇಪ್ಪತ್ತು ರೂಪಾಯಿ ಬಿತ್ತು.

ಆ ಪಟ್ಟಿಗಳ ವಿಚಾರದಲ್ಲಿ ಒಂದು ಎಚ್ಚರಿಕೆ. ಮಾವಿನ ಕಾಲದ ಒಂದು ಸಂಜೆ ಅಳತೆ 231 ತೋರಿಸಿತು. ಎದೆ ಧಸಕ್ಕೆಂದಿತು, ಕಣ್ಣಲ್ಲಿ ನೀರೇ ಬಂತು. ಹತ್ತು ನಿಮಿಷ ಸುಮ್ಮನೆ ಕೂತ ಮೇಲೆ ನೆನಪಾಯಿತು, ಮಕ್ಕಳಿಗೆ ರಸಪುರಿ ಮಾವು ಹೆಚ್ಚಿಕೊಟ್ಟು ಕೈಯನ್ನು ಸೆರಗಿಗೆ ಒರೆಸಿಕೊಂಡಿದ್ದೆ. ಸೋಪು ಹಚ್ಚಿ ತೊಳೆದು, ಚೆನ್ನಾಗಿ ಒಣಗಿಸಿ, ಇನ್ನೊಂದು ಬೆರಳು ಚುಚ್ಚಿದೆ: 138. ಚರ್ಮದ ಮೇಲೆ ಉಳಿದ ಹಣ್ಣಿನ ರಸವೂ ರಕ್ತದ ಹನಿಯ ಜೊತೆ ಅಳತೆಗೆ ಸೇರಿಬಿಡುತ್ತದೆ. ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳವನ್ನು ಒಂದು ಗಳಿಗೆಯೂ ತೆರೆದಿಡಬೇಡಿ. ತೇವ ತಗುಲಿದ ಪಟ್ಟಿಯ ಮಾತು ನಂಬುವಂತಿಲ್ಲ.

ಮೊದಲು ಆ್ಯಪ್‌ನ ಕ್ರಮ. ಬೆಳಗ್ಗೆ ಕಾಫಿಗೆ ಬೆಣ್ಣೆ ಮತ್ತು ಕೊಬ್ಬರಿ ಎಣ್ಣೆ ಕದಡಿ ಕುಡಿಯಬೇಕು. ಹಾಲು ಬೆರೆಸಿದ ಫಿಲ್ಟರ್ ಕಾಫಿಯ ಮೇಲೆ ಬೆಳೆದವರಿಗೆ ಅದು ಕಷ್ಟವೇ, ಆದರೂ ಔಷಧಿಯೆಂದುಕೊಂಡು ಕುಡಿದೆ. ಮಧ್ಯಾಹ್ನದವರೆಗೆ ಹಸಿವಾಗುತ್ತಿರಲಿಲ್ಲ, ಅಲ್ಲಿಯವರೆಗಿನ ಅಳತೆಗಳೂ ಚೆನ್ನಾಗಿಯೇ ಇದ್ದವು. ಕೆಟ್ಟದ್ದು ರಾತ್ರಿ. ಒಂಬತ್ತು ಗಂಟೆಗೆ ಉಂಡ ಮುದ್ದೆ ಹನ್ನೊಂದಕ್ಕೆ 188 ತೋರಿಸುತ್ತಿತ್ತು, ಒಮ್ಮೆ 194. ಮಾರನೆಯ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ 118, 121. ಪರೀಕ್ಷೆಗೆ ಮುಂಚೆ ಇದ್ದದ್ದಕ್ಕಿಂತ ಹೆಚ್ಚು! ಯೋಜನೆಯವರಿಗೆ ಬರೆದು ಕೇಳಿದರೆ ಮೈ ಒಗ್ಗಿಕೊಳ್ಳಲು ಸಮಯ ಕೊಡಿ ಎಂಬ ಉತ್ತರ ಮೂರು ಸಲ ಅಕ್ಷರ ಬದಲಾಗದೆ ಬಂತು. ಹಣ ಹಿಂದಿರುಗಲಿಲ್ಲ.

ನಮ್ಮ ಕಡೆ ರಾಗಿ ಎಂದರೆ ಸಕ್ಕರೆ ಏರುವುದಿಲ್ಲ ಎಂಬ ನಂಬಿಕೆ ಗಟ್ಟಿಯಾಗಿದೆ. ನನಗೂ ಇತ್ತು. ಹಿಟ್ಟಂ ತಿಂದವ ಬೆಟ್ಟವ ಕಿತ್ತಿಟ್ಟ ಎಂಬ ಗಾದೆ ಹೊಲದಲ್ಲಿ ದುಡಿದವನ ಊಟದ್ದು. ಸುಣ್ಣಾಂಶ, ನಾರು ಎಲ್ಲವೂ ರಾಗಿಯಲ್ಲಿ ಇವೆ, ಒಪ್ಪೋಣ. ಆದರೆ ನುಣ್ಣಗೆ ಬೀಸಿ ಬೇಯಿಸಿದ ಹಿಟ್ಟು ಪಿಷ್ಟವೇ. ಉಂಡು ಮಲಗುವವರ ರಕ್ತಕ್ಕೆ ಅದು ಸಕ್ಕರೆಯಾಗಿಯೇ ಇಳಿಯುತ್ತದೆ.

ಅದೇ ಮುದ್ದೆ, ಮುಂದೆ ಹೇಳುವ ನನ್ನ ಕ್ರಮದಲ್ಲಿ ಮಧ್ಯಾಹ್ನ ಉಂಡರೆ 140ರ ಆಸುಪಾಸಿನಲ್ಲಿ ನಿಂತು ರಾತ್ರಿ 190ರ ಹತ್ತಿರ ಹೋಗುವುದೇಕೆ ಎಂದು ಓದಲು ಕೂತೆ. ಮಿದುಳಿನಲ್ಲಿ, ಎರಡು ಕಣ್ಣಿನ ನರಗಳು ಅಡ್ಡಹಾಯುವ ಜಾಗದ ಮೇಲುಗಡೆ, ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪಿದೆ. ಹೊರಗಿನ ಬೆಳಕು ನೋಡಿ ಇಡೀ ಮೈಯ ಸಮಯ ಹೊಂದಿಸುವುದು ಅದರ ಕೆಲಸ. ಪಿತ್ತಜನಕಾಂಗಕ್ಕೆ, ಇನ್ಸುಲಿನ್ ಸುರಿಸುವ ಮೇದೋಜೀರಕ ಗ್ರಂಥಿಗೆ, ಕೊಬ್ಬಿನ ಕೋಶಗಳಿಗೆ ಕೂಡ ತಮ್ಮವೇ ಗಡಿಯಾರಗಳಿವೆ. ಅವು ನಾವು ಉಣ್ಣುವ ಹೊತ್ತನ್ನೂ ಗಮನಿಸುತ್ತವೆ. ಹಣ್ಣಿನ ನೊಣಗಳಲ್ಲಿ ಈ ಗಡಿಯಾರದ ಒಳಗುಟ್ಟು ಬಿಡಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಶ್, ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ವೈದ್ಯಕೀಯ ನೊಬೆಲ್ ಬಂತು. ಬೆಳಗಿನ ಹೊತ್ತು ಇನ್ಸುಲಿನ್ ಚುರುಕಾಗಿ ಕೆಲಸ ಮಾಡುತ್ತದೆ, ಸಂಜೆಗೆ ಮಂದವಾಗುತ್ತದೆ. ಕತ್ತಲಾದ ಮೇಲೆ ನಿದ್ದೆಗೆ ಸಿದ್ಧಮಾಡುವ ಮೆಲಟೋನಿನ್ ಏರಿದಂತೆ ಇನ್ಸುಲಿನ್ ಸುರಿಯುವುದು ಇನ್ನೂ ತಗ್ಗುತ್ತದೆ. ರಾತ್ರಿ ಒಂಬತ್ತೂವರೆಗೆ ಮುದ್ದೆ ಉಣ್ಣುವುದೆಂದರೆ ಬಾಗಿಲು ಹಾಕಿದ ಅಂಗಡಿಗೆ ಬಟ್ಟೆ ಒಯ್ದ ಹಾಗೆ.

ನನಗೆ ತೀರ ಹತ್ತಿರವಾದ ಪ್ರಯೋಗ ಜರ್ಮನಿಯದು. ಅಲ್ಲಿ ಕೆಲವು ಗಂಡಸರಿಗೆ ನಾಲ್ಕು ವಾರ ಬೆಳಗ್ಗೆ ಪಿಷ್ಟ, ಸಂಜೆ ಕೊಬ್ಬು. ಮತ್ತೆ ನಾಲ್ಕು ವಾರ ಅದಲುಬದಲು ಮಾಡಿ ಕೊಟ್ಟರು. 2017ರಲ್ಲಿ ಪ್ರಕಟವಾದ ಆ ಫಲಿತಾಂಶದ ಪ್ರಕಾರ ಸಕ್ಕರೆ ಸರಿಯಿದ್ದವರಿಗೆ ಹೆಚ್ಚು ವ್ಯತ್ಯಾಸ ಆಗಲಿಲ್ಲ, ಗಡಿಯಲ್ಲಿದ್ದವರಿಗೆ ಮಾತ್ರ ಸಂಜೆಯ ಪಿಷ್ಟ ಕೆಡುಕಾಯಿತು. ಓದಿದಾಗ ನನ್ನ ನೋಟ್‌ಬುಕ್ಕನ್ನೇ ಯಾರೋ ನೋಡಿ ಬರೆದಂತಿತ್ತು. ಆ್ಯಪ್‌ನವರು ನೆಚ್ಚಿಕೊಂಡಿದ್ದ ಪ್ರಯೋಗವೂ ಸುಳ್ಳಲ್ಲ. 2011ರಲ್ಲಿ ಇಸ್ರೇಲಿನ 78 ಸ್ಥೂಲಕಾಯದ ಪೊಲೀಸರಲ್ಲಿ ಪಿಷ್ಟದ ಹೆಚ್ಚಿನ ಪಾಲನ್ನು ರಾತ್ರಿಗೆ ಇಟ್ಟವರು ಆರು ತಿಂಗಳಲ್ಲಿ ಹೆಚ್ಚು ತೂಕ ಇಳಿಸಿದ್ದರು. ಇಡೀ ದಿನದ ಊಟವನ್ನೇ ಕಡಿತಗೊಳಿಸಿದ್ದ ದಪ್ಪ ಮೈಯವರ ಲೆಕ್ಕ ಅದು. 58 ಕಿಲೋ ತೂಗುವ ನನಗೆ ಅದನ್ನು ಹಾಗೆಯೇ ತೊಡಿಸಲು ಹೋಗಿದ್ದು, ಬೇರೆಯವರ ಅಳತೆಗೆ ಕತ್ತರಿಸಿದ ರವಿಕೆಯನ್ನು ತೊಡಿಸಿದಂತಾಯಿತು.

ಎರಡನೆಯದು ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟರೊಳಗೆ ಮಾತ್ರ ಉಣ್ಣುವುದು. ಮೂರು ವಾರ ಮಾಡಿದೆ. ಖರ್ಚಿಲ್ಲ, ಬೆಳಗ್ಗೆ ಅಡುಗೆಮನೆಯ ಗಡಿಬಿಡಿಯಿಲ್ಲ, ಒಂದೂವರೆ ಕಿಲೋ ಇಳಿದೆ. ಹನ್ನೊಂದು ಗಂಟೆಗೆ ಸೂಜಿಗೆ ದಾರ ಪೋಣಿಸುವಾಗ ಕೈ ನಡುಗಿದ್ದರಿಂದ ನಿಲ್ಲಿಸಿದೆ. ಬೆಳಗ್ಗೆ ಏನೂ ತಿನ್ನದೆ ಉಂಡ ಮಧ್ಯಾಹ್ನದ ಮುದ್ದೆ 170 ದಾಟುತ್ತಿತ್ತು ಕೂಡ. ಬೆಳಗಿನ ತಿಂಡಿ ಬಿಟ್ಟರೆ ಮುಂದಿನ ಊಟಕ್ಕೆ ಸಕ್ಕರೆ ಜಾಸ್ತಿ ಏರುತ್ತದೆ ಎಂಬುದು ಮಧುಮೇಹಿಗಳಲ್ಲಿ ಅಳೆದು ನೋಡಿದ ಸಂಗತಿಯೇ. ನನ್ನ ಯಜಮಾನರು ಇಂದಿಗೂ ಈ ಕ್ರಮದಲ್ಲೇ ಇದ್ದಾರೆ, ಚೆನ್ನಾಗಿಯೇ ಇದ್ದಾರೆ; ಅವರ ಸಕ್ಕರೆ ಮೊದಲಿನಿಂದಲೂ ಸರಿ.

ಇನ್ನು ನನ್ನ ಕ್ರಮ. ಬೆಳಗ್ಗೆ ಎಂಟಕ್ಕೆ ಎರಡು ಅಕ್ಕಿರೊಟ್ಟಿ ಅಥವಾ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಬೆಂದ ಕಾಳು. ಮಧ್ಯಾಹ್ನ ಒಂದಕ್ಕೆ ಮುದ್ದೆ, ಸಾರು, ಪಲ್ಯ, ಬೇಕೆನಿಸಿದರೆ ಒಂದು ಚಮಚ ತುಪ್ಪ. ಸಂಜೆ ಏಳರೊಳಗೆ ಮೊಳಕೆ ಹೆಸರುಕಾಳು, ಸೌತೆಕಾಯಿ, ಒಂದು ಮೊಟ್ಟೆ ಅಥವಾ ಹಿಡಿ ಕಡಲೆಕಾಯಿ. ನಾಲ್ಕನೆಯ ವಾರಕ್ಕೆ ಬೆಳಗಿನ ಖಾಲಿ ಹೊಟ್ಟೆಯ ಅಂಕಿ 101ಕ್ಕೆ ಬಂತು, ಈಗ 96ರಿಂದ 103ರೊಳಗೆ ಆಡುತ್ತಿದೆ. ಮಧ್ಯಾಹ್ನದ ಮುದ್ದೆ 140ರ ಆಚೀಚೆ. ಮೊದಲೆರಡು ವಾರ ಜರ್ಮನಿಯವರ ಹಾಗೆ ತುಪ್ಪ, ಕರಿದದ್ದನ್ನೆಲ್ಲ ರಾತ್ರಿಗೆ ಇಟ್ಟಿದ್ದೆ. ಸಕ್ಕರೆ ಏರಲಿಲ್ಲ, ಎದೆಯುರಿ ಮಾತ್ರ ಹತ್ತಿತು. ಜಿಡ್ಡು ಹೊಟ್ಟೆಯಲ್ಲಿ ತಡವಾಗಿ ಕರಗುತ್ತದೆ, ಅದರ ಮೇಲೆ ಮಲಗಿದರೆ ಹುಳಿ ಗಂಟಲಿಗೆ ಬರುತ್ತದೆ. ಈಗ ತುಪ್ಪಕ್ಕೆ ಮಧ್ಯಾಹ್ನವೇ ಹೊತ್ತು.

ಈ ಕ್ರಮದ ದೊಡ್ಡ ತೊಡಕು ಸಂಜೆಯ ಏಳು ಗಂಟೆ. 2018ರಲ್ಲಿ ಅಮೆರಿಕದಲ್ಲಿ ಗಡಿಯಲ್ಲಿದ್ದ ಗಂಡಸರಿಗೆ ಮಧ್ಯಾಹ್ನ ಮೂರರೊಳಗೆ ಕೊನೆಯ ಊಟ ಮುಗಿಸುವಂತೆ ಮಾಡಿ, ಐದು ವಾರದಲ್ಲಿ ತೂಕ ಇಳಿಯದೆಯೂ ಇನ್ಸುಲಿನ್ ಮತ್ತು ರಕ್ತದೊತ್ತಡ ಸುಧಾರಿಸಿದ್ದನ್ನು ತೋರಿಸಿದರು. ಮೂರು ಗಂಟೆ ಇರಲಿ, ನಮ್ಮಂಥವರಿಗೆ ಏಳೇ ಹರಸಾಹಸ. ಸಂಜೆ ಆರರಿಂದ ಎಂಟು ನನ್ನ ಅಂಗಡಿಗೆ ಗಿರಾಕಿಗಳು ಬರುವ ಹೊತ್ತು. ಕಚೇರಿ ಬಿಟ್ಟವರು, ಮಹಾರಾಜ ಪಾರ್ಕಿನಲ್ಲಿ ಮಕ್ಕಳನ್ನು ಆಡಿಸಿ ಬಂದವರು, ಎಲ್ಲರೂ ಆಗಲೇ. ಮೊದಲ ವಾರ ಮನೆಗೆ ಹೋಗಿ ಉಣ್ಣುತ್ತೇನೆಂದು ತಡೆದುಕೊಂಡೆ. ಎಂಟೂಮುಕ್ಕಾಲಿಗೆ ಬಾಗಿಲು ತೆರೆದಾಗ ಹಸಿವು ಎಷ್ಟಿರುತ್ತಿತ್ತೆಂದರೆ ಎದುರಿಗಿದ್ದದ್ದೆಲ್ಲ ಒಳಗೆ ಹೋಗುತ್ತಿತ್ತು.

ಎರಡನೆಯ ವಾರ ಅಂಗಡಿಗೇ ಇನ್ನೊಂದು ಡಬ್ಬಿ ಒಯ್ದೆ. ಅದರಲ್ಲಿ ಬಸ್ಸಾರು ಇತ್ತು. ಕತ್ತರಿಸುವ ಮೇಜಿನ ತುದಿಯಲ್ಲಿ ಡಬ್ಬಿ ತೆರೆದು ಎರಡು ತುತ್ತು ತಿಂದಿದ್ದೆನೋ ಇಲ್ಲವೋ, ಗಿರಾಕಿಯೊಬ್ಬರು ಬಂದರು. ಎದ್ದ ರಭಸಕ್ಕೆ ಡಬ್ಬಿ ವಾಲಿತು. ಮದುವೆಯ ಕೆನೆಬಣ್ಣದ ರೇಷ್ಮೆ ರವಿಕೆಯ ತೋಳಿನ ಮೇಲೆ, ಆಗತಾನೆ ಕುಚ್ಚು ಕಟ್ಟಿ ಮುಗಿಸಿದ್ದ ಜಾಗದಲ್ಲೇ, ಬೆರಳಗಲ ಸಾರು ಬಿತ್ತು. ಅರಿಶಿನ ರೇಷ್ಮೆಯ ಎಳೆಯೊಳಗೆ ಹಬ್ಬುವುದನ್ನು ನೋಡುತ್ತಾ ನಿಂತೆ. ತಣ್ಣೀರು ಅದ್ದಿ ಒತ್ತಿದಷ್ಟೂ ಅಂಚು ಅಗಲವಾಯಿತು. ಆ ಮನೆಯವರಿಗೆ ಕೈಮುಗಿದು, ಅದೇ ಬಣ್ಣದ ಬಟ್ಟೆ ಹುಡುಕಿ, ರಾತ್ರಿಯೆಲ್ಲಾ ಕೂತು ಎರಡೂ ತೋಳು ಹೊಸದಾಗಿ ಹೊಲಿದುಕೊಟ್ಟೆ. ನನಗೆ 900 ರೂಪಾಯಿ ಖರ್ಚು ಬಿತ್ತು. ಅವರು ಒಂದು ಮಾತೂ ಆಡಲಿಲ್ಲ, ಅದು ದೊಡ್ಡ ಮನಸ್ಸು.

ಅಂದಿನಿಂದ ಸಂಜೆಯ ಡಬ್ಬಿಯಲ್ಲಿ ಹರಿಯುವಂಥದ್ದು ಏನೂ ಇರುವುದಿಲ್ಲ. ಆರು ನಲವತ್ತಕ್ಕೆ ಶಟರ್ ಅರ್ಧ ಇಳಿಸಿ, ಹಿಂದಿನ ಮೆಟ್ಟಿಲ ಮೇಲೆ ಕೂತು ಹದಿನೈದು ನಿಮಿಷದಲ್ಲಿ ಮುಗಿಸಿ, ಕೈ ತೊಳೆದು ಬರುತ್ತೇನೆ. ಖಾಯಂ ಗಿರಾಕಿಗಳು ಈಗ ಆ ಹೊತ್ತಿಗೆ ಬರುವುದಿಲ್ಲ.

ಮನೆಯ ಕಡೆಯ ತೊಡಕು ಇದಕ್ಕಿಂತ ಸೂಕ್ಷ್ಮವಾದದ್ದು. ರಾತ್ರಿ ಒಂಬತ್ತೂಕಾಲಕ್ಕೆ ಎಲ್ಲರೂ ಒಟ್ಟಿಗೆ ಕೂರುವುದು ನಮ್ಮ ಮನೆಯ ಪದ್ಧತಿ. ನನಗೆ ತಟ್ಟೆ ಹಾಕದ ಮೊದಲ ದಿನ ಅತ್ತೆಯೂ ಸರಿಯಾಗಿ ಉಣ್ಣಲಿಲ್ಲ. 'ಸೊಸೆ ಹಸಿದು ಕೂತಿರುವಾಗ ನನಗೆ ತುತ್ತು ಇಳಿಯುವುದಿಲ್ಲ' ಎಂದರು. ನಾನು ಉಂಡೇ ಬಂದಿದ್ದೇನೆ ಎಂದರೂ ಅವರ ಕಣ್ಣಿಗೆ ನಾನು ಹಸಿದವಳೇ. ಕೊನೆಗೆ ಒಂದು ಲೋಟ ನೀರು ಮಜ್ಜಿಗೆ ಹಿಡಿದು ಅವರ ಪಕ್ಕದಲ್ಲಿ ಕೂರುತ್ತೇನೆ, ಅವರ ಮುದ್ದೆಗೆ ಸಾರು ಬಡಿಸುತ್ತೇನೆ, ಅಂದಿನ ಮಾತೆಲ್ಲ ಆಡುತ್ತೇನೆ. ತಿಂಗಳು ಕಳೆದ ಮೇಲೆ ಅವರೇ ಮಜ್ಜಿಗೆಗೆ ಇಂಗು, ಕರಿಬೇವು ಹಾಕಿ ಇಟ್ಟಿರತೊಡಗಿದರು. ಅತ್ತೆಗೆ ಸಕ್ಕರೆ ಮಾತ್ರೆ ಇದೆ, ಅವರ ಊಟದ ಹೊತ್ತನ್ನು ನಾನು ಮುಟ್ಟಿಲ್ಲ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ರಾತ್ರಿ ಊಟ ಕಡಿಮೆ ಮಾಡಿದರೆ ಸಕ್ಕರೆ ತಟ್ಟನೆ ಇಳಿದು ಪ್ರಾಣಕ್ಕೆ ಬರಬಹುದು.

ಮದುವೆ ಮನೆಯ ರಾತ್ರಿ ಊಟಕ್ಕೆ ಕೋಸಂಬರಿ, ಪಲ್ಯ ಮೊದಲು ತಿಂದು ಅನ್ನವನ್ನು ಕೊನೆಗೆ ಸ್ವಲ್ಪ ಹಾಕಿಸಿಕೊಳ್ಳುತ್ತೇನೆ. ಊಟವಾದ ಮೇಲೆ ಕಾಲು ಗಂಟೆ ನಡೆಯುತ್ತೇನೆ. ಎರಡರ ಗುಣವೂ ಅಳತೆಯಲ್ಲಿ ಕಾಣುತ್ತದೆ.

ತೂಕವೇ ನಿಮ್ಮ ಚಿಂತೆಯಾಗಿದ್ದು ಸಕ್ಕರೆ ಸರಿಯಿದ್ದರೆ, ಬೆಳಗ್ಗೆ ಹಸಿವೇ ಆಗದ ಮೈ ನಿಮ್ಮದಾಗಿದ್ದರೆ, ಎರಡನೆಯ ಕ್ರಮ ನೋಡಬಹುದು. ಒಟ್ಟು ಊಟ ಅಷ್ಟೇ ಇದ್ದರೆ, ಬೆಳಗ್ಗೆ ಹೆಚ್ಚು ಉಂಡರೂ ರಾತ್ರಿ ಹೆಚ್ಚು ಉಂಡರೂ ಇಳಿಯುವ ತೂಕ ಒಂದೇ ಎಂದು 2022ರ ಬ್ರಿಟನ್ನಿನ ಪ್ರಯೋಗವೊಂದು ಹೇಳಿದೆ. ಬೆಳಗ್ಗೆ ಹೆಚ್ಚು ಉಂಡವರಿಗೆ ದಿನವಿಡೀ ಹಸಿವು ಕಡಿಮೆ ಇತ್ತು, ಅಷ್ಟೇ. ಬೆಣ್ಣೆ ಕಾಫಿಯ ಯೋಜನೆಯನ್ನಂತೂ ನನ್ನಂಥ ಗಡಿಯವರಿಗೆ ನಾನು ಹೇಳಲಾರೆ.

ಮುಂದಿನ ಪರೀಕ್ಷೆ ದೀಪಾವಳಿ ಕಳೆದ ಮೇಲೆ. ಅಲ್ಲಿಯವರೆಗೆ ಕಷ್ಟದ ದಿನಗಳಿವೆ. ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಲ್ಲಿ ಊರಿಗೆ ಊರೇ ತುಂಬಿರುತ್ತದೆ, ಹಬ್ಬದ ರವಿಕೆಗಳಿಗಾಗಿ ರಾತ್ರಿ ಹತ್ತರವರೆಗೆ ಯಂತ್ರ ತುಳಿಯಬೇಕು. ಆ ವಾರಗಳಿಗೆಂದು ಕಟ್ಟಿನಕೆರೆ ಮಾರುಕಟ್ಟೆಯಿಂದ ಎರಡು ಕಿಲೋ ಹೆಸರುಕಾಳು ತಂದಿಟ್ಟಿದ್ದೇನೆ. ಪಟ್ಟಿಗಳ ಡಬ್ಬಿಯಲ್ಲಿ ಇನ್ನು ಒಂಬತ್ತು ಉಳಿದಿವೆ.