ಬೆಂಗಳೂರಿನ ಒಳಗೋ, ಅಂಚಿನಲ್ಲೋ, ಶಿರಸಿಯಲ್ಲೋ?

ಮನೆಯಿಂದಲೇ ಕೆಲಸ, ಸಣ್ಣ ಮಕ್ಕಳು, ಶಿರಸಿಯಲ್ಲಿ ವಯಸ್ಸಾದ ಅಪ್ಪ-ಅಮ್ಮ. ಸಂಸಾರ ಎಲ್ಲಿ ಹೂಡೋದು ಅಂತ ಕೇಳಿದ್ದೀರಿ.

ಬಾಡಿಗೆಯಲ್ಲಿ ಶಿರಸಿಯೇ ಅಗ್ಗ. ಕೆಂಗೇರಿಯ ಆಚೆ ಹೋದರೂ ಸ್ವಲ್ಪ ಉಳಿಯುತ್ತದೆ, ಆದರೆ ಉಳಿದದ್ದು ಪೆಟ್ರೋಲಿಗೂ ಶಾಲೆ ವ್ಯಾನಿಗೂ ಹೋಗಿಬಿಡುತ್ತದೆ. 2023ರಿಂದ ಮೆಟ್ರೊ ಚಲ್ಲಘಟ್ಟದವರೆಗೆ ಓಡುತ್ತಿದೆ, ನಿಲ್ದಾಣದ ಹತ್ತಿರ ಮನೆ ಸಿಕ್ಕರೆ ಮಾತು ಬೇರೆ.

ಆಸ್ಪತ್ರೆ ವಿಷಯದಲ್ಲಿ ಶಿರಸಿ ಹಿಂದೆ. ದೊಡ್ಡ ಕಾಯಿಲೆ ಅಂದ್ರೆ ಸುಮಾರು 100 ಕಿ.ಮೀ. ದೂರದ ಹುಬ್ಬಳ್ಳಿ, ಇಲ್ಲವೇ ಘಟ್ಟ ಇಳಿದು ಮಣಿಪಾಲ. ರೈಲೂ ಇಲ್ಲ. ಮಳೆಗಾಲದ ರಾತ್ರಿ ದೇವಿಮನೆ ಘಟ್ಟ ಇಳಿಯೋದನ್ನು ಸುಮ್ನೆ ಒಮ್ಮೆ ಯೋಚಿಸಿ.

ಇನ್ನು ನಮ್ಮತನ. ನಗರದ ಒಳಗಿದ್ದರೆ ಮಲ್ಲೇಶ್ವರದ ಹವ್ಯಕ ಭವನ, ಆಗಾಗ ಯಕ್ಷಗಾನ, ಊರಿನವರ ಭೇಟಿ ಸಿಗುತ್ತವೆ. ಅಂಚಿನ ಅಪಾರ್ಟ್‌ಮೆಂಟುಗಳಲ್ಲಿ ಮಕ್ಕಳಿಗೆ ಆಟದ ಜಾಗ ಜಾಸ್ತಿ, ಕನ್ನಡ ಕಮ್ಮಿ. ಮನೆಮಾತು ಉಳಿಸೋ ಕೆಲಸ ಪೂರ್ತಿ ನಿಮ್ಮ ತಲೆ ಮೇಲೆ. ಶಿರಸಿಯಲ್ಲಿ ಅದಕ್ಕೆ ಪ್ರಯತ್ನವೇ ಬೇಡ: ಅಜ್ಜಿ ಇದ್ದಾಳೆ, ತೋಟ ಇದೆ, ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ. ಸಂಬಂಧಿಕರ ತಲೆಹರಟೆಯೂ ಉಚಿತ, ಅಲ್ವಾ!

ಅಪ್ಪ-ಅಮ್ಮ ಗಟ್ಟಿಯಾಗಿದ್ದು, ಮಕ್ಕಳು ಪ್ರೈಮರಿಯಲ್ಲಿದ್ದರೆ ಶಿರಸಿ. ಮನೆಯಲ್ಲಿ ಯಾರಿಗಾದರೂ ತಿಂಗಳಿಗೊಮ್ಮೆ ತಜ್ಞ ವೈದ್ಯರು ಬೇಕಿದ್ದರೆ ನಗರದ ಒಳಗೆ. ವಾರಕ್ಕೆರಡು ದಿನ ಆಫೀಸಿದ್ದರೆ ಅಂಚು, ಅದೂ ಮೆಟ್ರೊ ಬುಡದಲ್ಲಿ.