‘ಖರೀದಿಸಿ’ ಎಂಬ ಗುಂಡಿಯನ್ನು ನಂಬಿ ಟ್ರಂಕು ಖಾಲಿ ಮಾಡಬೇಡಿ

ಮನೆಯಲ್ಲಿ ಹಳೆಯ ಚಿತ್ರಕಥೆ ಪುಸ್ತಕಗಳಿದ್ದು, “ಇವೆಲ್ಲ ಈಗ ಮೊಬೈಲಿನಲ್ಲೇ ಸಿಗುತ್ತವೆ, ಜಾಗವಾದರೂ ಉಳಿಯಲಿ” ಎಂದು ಯೋಚಿಸುತ್ತಿರುವವರು ದಯವಿಟ್ಟು ಇದನ್ನು ಓದಿ. ನಾನು ಹಾಗೆ ಯೋಚಿಸಿ ಎರಡನ್ನೂ ಕಳೆದುಕೊಂಡವನು. ಅಚ್ಚಿನ ಪ್ರತಿಗಳೂ ಹೋದವು, ದುಡ್ಡು ಕೊಟ್ಟು ಕೊಂಡ ಡಿಜಿಟಲ್ ಪ್ರತಿಗಳೂ ಹೋದವು.

ನಮ್ಮ ಮನೆ ಇದ್ದದ್ದು ಉಡುಪಿಯ ಗುಂಡಿಬೈಲಿನಲ್ಲಿ. 2020ರ ಸೆಪ್ಟೆಂಬರ್ 20ರ ನೆರೆಯನ್ನು ಇಲ್ಲಿನವರಾರೂ ಮರೆತಿರಲಾರರು. ರಾತ್ರಿಯಿಡೀ ಸುರಿದ ಮಳೆಗೆ ಇಂದ್ರಾಣಿ ಹೊಳೆ ಉಕ್ಕಿ, ಬೆಳಕು ಹರಿಯುವ ಮೊದಲೇ ನೀರು ಜಗಲಿ ದಾಟಿ ಒಳಗೆ ಬಂತು. ಅಕ್ಕಿಯ ಡಬ್ಬ, ಗ್ಯಾಸ್ ಸಿಲಿಂಡರ್, ಅಮ್ಮನ ಔಷಧಿ ಎಂದು ಒಂದೊಂದನ್ನೇ ಎತ್ತಿಡುವ ಗಡಿಬಿಡಿಯಲ್ಲಿ ಮಂಚದಡಿಯ ತಗಡಿನ ಟ್ರಂಕು ಯಾರಿಗೂ ನೆನಪಾಗಲಿಲ್ಲ.

ಅದರಲ್ಲಿ ಇದ್ದದ್ದು 240ರಷ್ಟು ಚಿತ್ರಕಥೆ ಪುಸ್ತಕಗಳು. ಹೆಚ್ಚಿನವು ಕನ್ನಡದ ಅಮರ ಚಿತ್ರ ಕಥೆಗಳು, ಉಳಿದವು ಇಂಗ್ಲಿಷಿನವು. ಅಪ್ಪಯ್ಯ ಸಂಬಳವಾದ ವಾರ ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲಿ ಒಂದೋ ಎರಡೋ ಕೊಂಡು, ಮನೆಗೆ ಬಂದು ಕೈಕಾಲು ತೊಳೆದು, ಒಳಪುಟದ ಬಲ ಮೇಲ್ಮೂಲೆಯಲ್ಲಿ ನೀಲಿ ಶಾಯಿಯಿಂದ ತಾರೀಕು ಬರೆದ ಮೇಲೆಯೇ ನಮ್ಮ ಕೈಗೆ ಕೊಡುತ್ತಿದ್ದರು. ಆ ಪುಸ್ತಕಗಳ ಮೇಲೆ ಅವರಿಗೆ ಇನ್ನೊಂದು ಬಗೆಯ ಅಭಿಮಾನವೂ ಇತ್ತು. ಅಮರ ಚಿತ್ರ ಕಥೆಯನ್ನು ಕಟ್ಟಿ ಬೆಳೆಸಿದ ಅನಂತ ಪೈ 1929ರಲ್ಲಿ ಹುಟ್ಟಿದ್ದು ನಮ್ಮ ಪಕ್ಕದ ಕಾರ್ಕಳದಲ್ಲಿ. “ಇದು ನಮ್ಮ ಊರಿನ ಮನುಷ್ಯ ಮಾಡಿದ ಕೆಲಸ, ಪುಟ ಮಡಚಬೇಡಿ” ಎನ್ನುತ್ತಿದ್ದರು.

ನೆರೆ ಇಳಿದ ಮೇಲೆ ಟ್ರಂಕು ತೆರೆದೆವು. ಕೆಳಗಿನ ಎರಡು ಸಾಲುಗಳು ನೆನೆದು ಒಂದಕ್ಕೊಂದು ಅಂಟಿ ಹಲಗೆಯಂತಾಗಿದ್ದವು. ಒಂದನ್ನು ಬಿಡಿಸಲು ಹೋದರೆ ರಾಜನ ಕಿರೀಟದ ಬಣ್ಣ ಎದುರಿನ ಪುಟಕ್ಕೆ ಹತ್ತಿಕೊಂಡು ಬಂತು. ಮಧ್ಯದ ಪಿನ್ನುಗಳು ತುಕ್ಕು ಹಿಡಿದು ಕಾಗದದಲ್ಲಿ ಕಂದು ತೂತು ಬಿದ್ದಿತ್ತು. ಅಪ್ಪಯ್ಯ ಬರೆದ ತಾರೀಕಿನ ಶಾಯಿ ಹರಡಿ, ಅಂಕಿಯ ಜಾಗದಲ್ಲಿ ನೀಲಿ ಮೋಡದಂಥ ಕಲೆ ಉಳಿದಿತ್ತು. ಅಪ್ಪಯ್ಯ ಆ ಹೊತ್ತಿಗೆ ತೀರಿಕೊಂಡು ಆರು ವರ್ಷವಾಗಿತ್ತು. ಹಾಳಾದವು ನಲವತ್ತರ ಆಸುಪಾಸು. ಮೇಲಿನ ಇನ್ನೂರು ಪುಸ್ತಕಗಳಿಗೆ ಏನೂ ಆಗಿರಲಿಲ್ಲ. ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ: ಇನ್ನೂರು ಪುಸ್ತಕಗಳು ಚೆನ್ನಾಗಿಯೇ ಇದ್ದವು.

ಆದರೆ ಹೆದರಿದ ಮನಸ್ಸಿಗೆ ಉಳಿದದ್ದು ಕಾಣುವುದಿಲ್ಲ. ಮರುವರ್ಷ ಕುಂಜಿಬೆಟ್ಟಿನ ಸಣ್ಣ ಫ್ಲ್ಯಾಟಿಗೆ ಬರುವಾಗ ನಾನು ನಿಶ್ಚಯ ಮಾಡಿಬಿಟ್ಟೆ. ಈ ಊರಿನಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ, ಮಳೆಗಾಲ ಮುಗಿಯುವುದರೊಳಗೆ ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಉಳಿದದ್ದನ್ನು ಒರಲೆ ತಿನ್ನುತ್ತದೆ. ಇನ್ನು ಮೇಲೆ ಕಾಗದವೇ ಬೇಡ ಎಂದುಕೊಂಡೆ. ಆ ಸಮಯದಲ್ಲಿ ಹಲವು ಪ್ರಕಾಶಕರ ಕಾಮಿಕ್ಸ್ ಮಾರುವ ಒಂದು ಆ್ಯಪ್ ಸಿಕ್ಕಿತು. ಪ್ರತಿ ಪುಸ್ತಕದ ಕೆಳಗೆ ಹಸಿರು ಗುಂಡಿ, ಅದರ ಮೇಲೆ ‘ಖರೀದಿಸಿ’. ಅದನ್ನು ನಂಬಿ ಟ್ರಂಕನ್ನು ಗುಜರಿ ಅಂಗಡಿಗೆ ಒಯ್ದೆ. ತಕ್ಕಡಿಯಲ್ಲಿ 19 ಕಿಲೋ ತೂಗಿತು. ಕಿಲೋಗೆ 12 ರೂಪಾಯಿಯಂತೆ 228 ರೂಪಾಯಿ ಕೈಗೆ ಬಂತು.

ಮುಂದಿನ ಮೂರು ವರ್ಷಗಳಲ್ಲಿ ಆ ಆ್ಯಪಿನಲ್ಲಿ 173 ಪುಸ್ತಕ ಕೊಂಡೆ, 11 ಸಾವಿರ ರೂಪಾಯಿಗೂ ಹೆಚ್ಚು ಕೊಟ್ಟು. ಕನ್ನಡದ್ದು ಒಂದೂ ಇರಲಿಲ್ಲ, ಇದ್ದದ್ದು ಇಂಗ್ಲಿಷ್ ಮತ್ತು ಹಿಂದಿ. ಕಥೆ ಅದೇ ತಾನೇ ಎಂದು ಸಮಾಧಾನ ಮಾಡಿಕೊಂಡೆ. ಓದುವಾಗ ಇನ್ನೊಂದು ಕೊರತೆ ಕಾಡುತ್ತಿತ್ತು. ಮೊಬೈಲಿನ ಪರದೆಗೆ ಇಡೀ ಪುಟ ಹಿಡಿಸಿದರೆ ಅಕ್ಷರ ಕಾಣುವುದಿಲ್ಲ; ಅಕ್ಷರ ಕಾಣಲೆಂದು ಆ್ಯಪ್ ಪುಟವನ್ನು ಒಂದೊಂದೇ ಚೌಕವಾಗಿ ಕತ್ತರಿಸಿ ತೋರಿಸುತ್ತದೆ. ಎರಡು ಪುಟಗಳ ಉದ್ದಕ್ಕೂ ಬರೆದ ಯುದ್ಧದ ಚಿತ್ರದಲ್ಲಿ ಆನೆಯ ಸೊಂಡಿಲು ಒಮ್ಮೆ, ಬಿಲ್ಲು ಹಿಡಿದ ಕೈ ಇನ್ನೊಮ್ಮೆ. ಚಿತ್ರಗಾರ ಇಡೀ ಪುಟವನ್ನು ಒಂದು ನೋಟಕ್ಕೆಂದು ಜೋಡಿಸಿರುತ್ತಾನೆ. ಕಣ್ಣು ಎಲ್ಲಿಂದ ಎಲ್ಲಿಗೆ ಹರಿಯಬೇಕೆಂದು ಲೆಕ್ಕ ಹಾಕಿರುತ್ತಾನೆ. ಆ ಸುಖ ಅಲ್ಲಿ ಸಿಗಲಿಲ್ಲ.

2024ರ ಬೇಸಿಗೆ ರಜೆಗೆ ಬೆಂಗಳೂರಿನಿಂದ ಅಕ್ಕನ ಮಗ ಬಂದ. ಒಂಬತ್ತು ವರ್ಷದ ಹುಡುಗ. ಓದಲು ಕೊಡೋಣವೆಂದು ಕೆಲವು ತಿಂಗಳಿಂದ ಮುಟ್ಟದಿದ್ದ ಆ್ಯಪ್ ತೆರೆದೆ. ಮುಖಪುಟಗಳಿದ್ದ ಕಡೆಯೆಲ್ಲ ಬೂದು ಬಣ್ಣದ ಚೌಕಗಳು, ಪ್ರತಿಯೊಂದರ ನಡುವೆ ‘ಲಭ್ಯವಿಲ್ಲ’. 173 ಬಾರಿ ‘ಲಭ್ಯವಿಲ್ಲ’. “ಮಾವ, ಪುಸ್ತಕ ಎಲ್ಲಿ ಹೋಯಿತು?” ಎಂದು ಕೇಳಿದ. ಆಮೇಲೆ, “ಅಜ್ಜನ ಪುಸ್ತಕಗಳಿವೆಯಂತಲ್ಲ, ಅಮ್ಮ ಹೇಳಿದ್ದಾಳೆ, ಅವನ್ನೇ ಕೊಡಿ” ಎಂದ. ಕೊಡಲು ನನ್ನ ಬಳಿ ಏನೂ ಇರಲಿಲ್ಲ. ಅಕ್ಕ ಅಡುಗೆಮನೆಯಿಂದ ಇಣುಕಿ ನನ್ನ ಮುಖ ನೋಡಿದಳು. ಟ್ರಂಕು ಹೋದ ವಿಷಯ ಅವಳಿಗೆ ಗೊತ್ತಾದದ್ದು ಅಂದೇ.

ಅಂಚೆಪೆಟ್ಟಿಗೆ ಹುಡುಕಿದಾಗ ತಿಳಿಯಿತು: ಸೇವೆ ಮುಚ್ಚುವುದಾಗಿ 30 ದಿನ ಮೊದಲು ಒಂದು ಮಿಂಚಂಚೆ ಬಂದಿತ್ತು. ಜಾಹೀರಾತುಗಳ ಕಡತದಲ್ಲಿ, ರಿಯಾಯಿತಿ ಮಾರಾಟದ ಪತ್ರಗಳ ನಡುವೆ ಬಿದ್ದಿತ್ತು. ದುಡ್ಡು ವಾಪಸು ಕೇಳಿ ಬರೆದೆ. ಬಂದ ಉತ್ತರ ಎರಡೇ ಸಾಲು: ನೀವು ಪಡೆದದ್ದು ಓದುವ ಪರವಾನಗಿ ಮಾತ್ರ, ಅದನ್ನು ಯಾವಾಗ ಬೇಕಾದರೂ ಹಿಂಪಡೆಯುವ ಹಕ್ಕು ನಮಗಿದೆ, ನಿಯಮಗಳಲ್ಲಿ ನೀವು ಒಪ್ಪಿದ್ದೀರಿ. ಗ್ರಾಹಕ ಸಹಾಯವಾಣಿ 1915ಕ್ಕೂ ದೂರು ಕೊಟ್ಟೆ. ದೂರು ದಾಖಲಾಯಿತು, ಕಂಪನಿ ಅದೇ ನಿಯಮವನ್ನು ಮುಂದಿಟ್ಟಿತು.

‘ಡೌನ್‌ಲೋಡ್ ಮಾಡಿದ್ದೇನೆ, ಹಾಗಾಗಿ ಅದು ನನ್ನದು’ ಎಂದು ನಾನು ತಿಳಿದದ್ದೇ ದೊಡ್ಡ ತಪ್ಪು. ಇಂಥ ಆ್ಯಪ್‌ಗಳಲ್ಲಿ ಕಡತ ಮೊಬೈಲಿಗೆ ಇಳಿದರೂ ಬೀಗ ಹಾಕಿಯೇ ಇಳಿಯುತ್ತದೆ. ಬೀಗದ ಕೈ ಕಂಪನಿಯ ಸರ್ವರ್‌ನಲ್ಲಿರುತ್ತದೆ. ಆಗಾಗ ಆ್ಯಪ್ ಅಲ್ಲಿಗೆ ಹೋಗಿ ಅನುಮತಿ ಕೇಳುತ್ತದೆ. ಸರ್ವರ್ ಇಲ್ಲವಾದ ದಿನ ಕೀ ಇಲ್ಲ, ಪುಸ್ತಕವೂ ಇಲ್ಲ. ನಮ್ಮ ದೇಶದ ತೆರಿಗೆಯ ಲೆಕ್ಕದಲ್ಲಿಯೇ ಇದು ಬೇರೆ. ಅಚ್ಚಾದ ಪುಸ್ತಕ ಸರಕು, ಅದಕ್ಕೆ ಜಿಎಸ್‌ಟಿ ಇಲ್ಲ. ಇ-ಪುಸ್ತಕವನ್ನು ಲೆಕ್ಕ ಹಾಕುವುದು ಸೇವೆ ಎಂದು, ಅದಕ್ಕೆ ತೆರಿಗೆ ಇದೆ. ನನ್ನ ರಸೀದಿಗಳಲ್ಲಿ ಆ ತೆರಿಗೆಯ ಸಾಲು ಮೂರು ವರ್ಷ ಕಣ್ಣೆದುರೇ ಇತ್ತು, ನಾನು ಗಮನಿಸಿರಲಿಲ್ಲ.

ಬೇರೆಯವರಿಗೂ ಹೀಗಾಗಿದೆಯೇ ಎಂದು ಆಮೇಲೆ ಓದಿ ನೋಡಿದೆ. ಜಪಾನಿನ ಕಾಮಿಕ್ಸ್ ಮಾರುತ್ತಿದ್ದ ಜೆಮಾಂಗಾ 2013ರ ಮೇ ತಿಂಗಳಲ್ಲಿ ಮುಚ್ಚಿದಾಗ ಕೊಂಡವರ ಪುಸ್ತಕಗಳೆಲ್ಲ ಅದರೊಡನೆ ಹೋದವು. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಇ-ಪುಸ್ತಕ ಮಳಿಗೆ ಮುಚ್ಚಿದಾಗಲೂ ಪುಸ್ತಕಗಳು ಮಾಯವಾದವು; ಅಲ್ಲಿ ದುಡ್ಡಾದರೂ ವಾಪಸು ಬಂತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಕಾನೂನೇ ಬಂದಿದೆ: ಪರವಾನಗಿ ಮಾತ್ರ ಕೊಡುತ್ತಿದ್ದರೆ ಅದನ್ನು ಸ್ಪಷ್ಟವಾಗಿ ತಿಳಿಸದೆ ‘ಖರೀದಿ’ ಎಂಬ ಪದ ಬಳಸುವಂತಿಲ್ಲ.

ಕಳೆದುಕೊಂಡ ಕನ್ನಡ ಪ್ರತಿಗಳನ್ನು ಮತ್ತೆ ಕೂಡಿಸಲು ಹೊರಟದ್ದು ಇನ್ನೊಂದು ಪಾಠವಾಯಿತು. ಮೊದಲು ಗುಜರಿ ಅಂಗಡಿಗೆ ಓಡಿದೆ. “ಅದು ಅದೇ ವಾರ ಲಾರಿ ಹತ್ತಿ ಹೋಯಿತು ಮಾರಾಯರೇ” ಎಂದರು. ಆಮೇಲೆ ಸಾಮಾಜಿಕ ಜಾಲತಾಣದಲ್ಲಿ ಒಬ್ಬ, ಹಳೆಯ ಕನ್ನಡ ಚಿತ್ರಕಥೆ 30 ಪ್ರತಿಗಳಿವೆ ಎಂದು ಫೋಟೊ ಹಾಕಿದ್ದ. 1800 ರೂಪಾಯಿ ಮುಂಗಡ ಕಳಿಸಿದೆ, ಮರುದಿನದಿಂದ ಅವನ ಫೋನು ಸತ್ತಿತು. ಹೀಗೆ ಮೋಸ ಹೋದವರು ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ನಾನು ನಾಲ್ಕು ದಿನ ಕಾದು ಮಾಡಿದೆ, ಅಷ್ಟರಲ್ಲಿ ಹಣ ಕೈ ಬದಲಾಯಿಸಿತ್ತು. ನೀವು ಹಳೆಯ ಪ್ರತಿ ಕೊಳ್ಳುವುದಾದರೆ ವೀಡಿಯೊ ಕರೆಯಲ್ಲಿ ಪುಟ ತಿರುವಿ ತೋರಿಸಲು ಹೇಳಿ, ಪಿನ್ನಿನ ಬಳಿಯ ಕಾಗದ ನೋಡಿ. ನಿಜವಾದ ಹಳೆಯ ಪುಸ್ತಕದಲ್ಲಿ ಹೆಚ್ಚಾಗಿ ತುಕ್ಕಿನ ಗುರುತು ಇರುತ್ತದೆ. ಬಣ್ಣದ ಜೆರಾಕ್ಸಿನಲ್ಲಿ ಆ ತುಕ್ಕೂ ಅಚ್ಚಾಗಿರುತ್ತದೆ, ಬೆರಳಿಗೆ ಒರಟು ತಾಗುವುದಿಲ್ಲ.

ಕನ್ನಡದ ಪ್ರತಿಗಳ ಬಗ್ಗೆ ನನಗಿರುವ ಸಂಕಟ ಬೇರೆಯೇ. ಅಮರ ಚಿತ್ರ ಕಥೆ 1967ರಲ್ಲಿ ಶುರುವಾಯಿತು ಎನ್ನುತ್ತಾರೆ. ಅದಕ್ಕೂ ಮುನ್ನ, 1965ರಲ್ಲಿ, ಆ ಹೆಸರಿನ ಮೊದಲ ಹತ್ತು ಸಂಚಿಕೆಗಳು ಬಂದದ್ದು ಬೆಂಗಳೂರಿನಲ್ಲಿ, ಕನ್ನಡದಲ್ಲಿ. ಅವು ವಿದೇಶಿ ಕಿನ್ನರ ಕಥೆಗಳು. ಆದ್ದರಿಂದಲೇ ಆ ಹತ್ತರ ನಂತರ ಬಂದ ‘ಕೃಷ್ಣ’ ಸಂಚಿಕೆಯ ಸಂಖ್ಯೆ 11. ಕನ್ನಡದಿಂದ ಹೊರಟ ಮಾಲಿಕೆಯ ಕನ್ನಡ ಪ್ರತಿಗಳನ್ನು ನಾವೇ ಕಿಲೋ ಲೆಕ್ಕದಲ್ಲಿ ತೂಗಿ ಕಳಿಸಿದರೆ ಅವನ್ನು ಇನ್ಯಾರು ಕಾಯಬೇಕು?

ಡಿಜಿಟಲ್ ಓದನ್ನು ಬಿಟ್ಟುಬಿಡಿ ಎನ್ನುತ್ತಿಲ್ಲ. ನಾನು ಈಗಲೂ ಓದುತ್ತೇನೆ, ಆದರೆ ಬಾಡಿಗೆ ಎಂದು ತಿಳಿದು ಓದುತ್ತೇನೆ. ಹಿಂದೆ ಸರ್ಕ್ಯುಲೇಟಿಂಗ್ ಲೈಬ್ರರಿಗೆ ತಿಂಗಳ ಶುಲ್ಕ ಕಟ್ಟಿ ತಂದು ಓದಿ ಹಿಂದಿರುಗಿಸುತ್ತಿರಲಿಲ್ಲವೇ, ಹಾಗೆ. ಒಂದೊಂದು ಪುಸ್ತಕಕ್ಕೂ ಪೂರ್ತಿ ಬೆಲೆ ಕೊಡುವುದಾದರೆ ಮಾತ್ರ ಬೀಗವಿಲ್ಲದ ಪಿಡಿಎಫ್ ಅಥವಾ ಸಿಬಿಝಡ್ ಕಡತ ಕೈಗೆ ಬರುತ್ತದೆಯೇ ನೋಡಿ. ಸಿಬಿಝಡ್ ಎಂದರೆ ಚಿತ್ರಗಳನ್ನು ಒಂದು ಜಿಪ್ ಗಂಟಿನಲ್ಲಿ ಕಟ್ಟಿದ್ದು, ಅಷ್ಟೇ. ಯಾವ ಕಂಪ್ಯೂಟರಿನಲ್ಲಾದರೂ ತೆರೆಯಬಹುದು. ಬಂದ ದಿನವೇ ಬೇರೆ ಹಾರ್ಡ್ ಡಿಸ್ಕಿಗೆ ಇನ್ನೊಂದು ಪ್ರತಿ ಇಟ್ಟುಕೊಳ್ಳಿ.

ಅಚ್ಚಿನ ಪುಸ್ತಕವನ್ನು ಕರಾವಳಿಯಲ್ಲಿ ಉಳಿಸಲು ಸಾಧ್ಯವಿಲ್ಲ ಎಂಬ ನನ್ನ ಹೆದರಿಕೆಯೂ ಸುಳ್ಳೇ ಆಗಿತ್ತು. ಮಂಗಳೂರಿನಲ್ಲಿ ನನ್ನ ಚಿಕ್ಕಪ್ಪನ ಕಪಾಟಿನಲ್ಲಿ ಅದೇ ಕಾಲದ ಪುಸ್ತಕಗಳು ಇಂದಿಗೂ ಗಟ್ಟಿಯಾಗಿವೆ. ಅವರು ತುಕ್ಕು ಹಿಡಿದ ಪಿನ್ನು ಕಿತ್ತು ಹತ್ತಿಯ ದಾರದಲ್ಲಿ ಹೊಲಿದಿದ್ದಾರೆ. ಕಪಾಟು ಗೋಡೆಗೆ ತಾಗುವುದಿಲ್ಲ, ಕೈ ತೂರುವಷ್ಟು ಜಾಗವಿದೆ, ಕೆಳಗಿನ ಅರೆ ನೆಲದಿಂದ ಎರಡು ಅಡಿ ಮೇಲೆ. ಒಣಗಿದ ಬೇವಿನ ಎಲೆ, ಬಟ್ಟೆಯಲ್ಲಿ ಕಟ್ಟಿದ ನುಸಿಗುಳಿಗೆ. ಮಳೆ ಬಿಟ್ಟ ಮೇಲೆ, ನವರಾತ್ರಿಯ ಹೊತ್ತಿಗೆ, ಎಲ್ಲವನ್ನೂ ತೆಗೆದು ನೆರಳಿನಲ್ಲಿ ಫ್ಯಾನ್ ಗಾಳಿಗೆ ಬಿಡಿಸಿಡುತ್ತಾರೆ. ನೇರ ಬಿಸಿಲಿಗೆ ಇಡುವುದಿಲ್ಲ, ಬಣ್ಣ ಹೋಗುತ್ತದೆ.

ನನ್ನ ಬಳಿ ಈಗ ಅಪ್ಪಯ್ಯನ ಒಂದೇ ಒಂದು ಪುಸ್ತಕವಿದೆ. ಎಂದೋ ಪಕ್ಕದ ಮನೆಯವರು ಓದಲು ಒಯ್ದು ಮರೆತಿದ್ದರಂತೆ, ವಿಷಯ ತಿಳಿದು ತಂದುಕೊಟ್ಟರು. ಹಿಂಬದಿಯ ರಟ್ಟು ಇಲ್ಲ. ಒಳಪುಟದ ಮೂಲೆಯಲ್ಲಿ ನೀಲಿ ಶಾಯಿಯಲ್ಲಿ 14-1-1982 ಎಂದು ಸ್ಪಷ್ಟವಾಗಿ ಓದಲು ಬರುತ್ತದೆ. ಉಡುಪಿ, ಮಂಗಳೂರು ಕಡೆಯಲ್ಲಿ ಯಾರಾದರೂ ಮನೆ ಖಾಲಿ ಮಾಡುವಾಗ ಕನ್ನಡದ ಚಿತ್ರಕಥೆಗಳು ಸಿಕ್ಕಿದರೆ, ಗುಜರಿಯವರನ್ನು ಕರೆಯುವ ಮುನ್ನ ನನಗೊಂದು ಮಾತು ತಿಳಿಸಿ. ರಟ್ಟು ಹರಿದಿರಲಿ, ಪುಟ ಅಂಟಿರಲಿ, ನಾನೇ ಬಂದು ಒಯ್ಯುತ್ತೇನೆ.